ಫೋನಿನ ಕಾಮಿಕ್ಸು ಪುಸ್ತಕವಾದ ಬಗೆ

ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಕವಿಯುವ ತೀವ್ರ ಭಯ) ಬಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ಕಂತು ಕಂತಾಗಿ ಹಾಕಿದ್ದ ಕಾಮಿಕ್ಸನ್ನು ಪುಸ್ತಕ ಮಾಡುತ್ತೇನೆ ಎಂದಾಗ ಸ್ನೇಹಿತರು ಹೇಳಿದ್ದು ಒಂದೇ ಮಾತು: ‘ಚಿತ್ರ ಹೇಗೂ ಇದೆಯಲ್ಲ, ಪ್ರೆಸ್ಸಿಗೆ ಕೊಟ್ಟರಾಯಿತು.’ ಲೆಕ್ಕ ಹಾಕಿದರೆ ಆ ಚಿತ್ರ ಯಾವುದಕ್ಕೂ ಸಾಲುತ್ತಿರಲಿಲ್ಲ. 1080 ಪಿಕ್ಸೆಲ್ ಚೌಕವನ್ನು ಅಚ್ಚಿಗೆ ಬೇಕಾದ 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ತಂದರೆ ಸಿಗುವುದು 3.6 ಇಂಚು. ಎ5 ಪುಟದ ಅಗಲವೇ 148 ಮಿ.ಮೀ., ಅಂದರೆ ಆರು ಇಂಚಿಗೆ ಸ್ವಲ್ಪ ಕಡಿಮೆ. ಎಳೆದು ಹಿಗ್ಗಿಸಿದರೆ ಗೆರೆಯ ಅಂಚೆಲ್ಲ ಹಲ್ಲು ಹಲ್ಲು. ಹಾಗಾಗಿ ಎಲ್ಲವನ್ನೂ ಕಾಗದದ ಮೇಲೆ ಇಂಕಿನಲ್ಲಿ ಮತ್ತೆ ಬರೆದು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡುವುದೆಂದು ತೀರ್ಮಾನಿಸಿದೆ. ಅದು ಬರೀ ಮೈಮುರಿಯುವ ಕೆಲಸ. ತಲೆ ಕೆಡಿಸಿದ್ದು ಬೇರೆಯದೇ.

ಹಳೆಯ ಕಂತುಗಳ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿ, ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಿದೆ. ಮೊದಲ ಅಟ್ಯಾಕ್, ಹಾರ್ಟ್ ಅಟ್ಯಾಕ್ ಇರಬೇಕೆಂದು ಇಸಿಜಿ, ಇಸಿಜಿ ನಾರ್ಮಲ್, ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಉಪದೇಶ, ಮತ್ತೆ ಅಟ್ಯಾಕ್, ಕೊನೆಗೆ ಮನೋವೈದ್ಯರು, ಮಾತ್ರೆ, ಥೆರಪಿ. ಓದಿ ಮುಗಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಅಂದರೆ ಕಥೆಯಲ್ಲಿರುವವರು ಇಪ್ಪತ್ತು ನಿಮಿಷದಲ್ಲಿ ವಾಸಿಯಾಗಿಬಿಟ್ಟರು! ಫೋನಿನಲ್ಲಿ ಹಾಗಿರಲಿಲ್ಲ. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಹದಿನೈದು ದಿನ, ಕೆಲವೊಮ್ಮೆ ತಿಂಗಳು ಕಳೆಯುತ್ತಿತ್ತು. ಓದುವವರು ನನ್ನ ಜೊತೆಗೇ ಕಾಯುತ್ತಿದ್ದರು. ಆ ಕಾಲ ನನಗೆ ಪುಕ್ಕಟೆ ಸಿಕ್ಕಿತ್ತು. ಪುಸ್ತಕದಲ್ಲಿ ಅದನ್ನೂ ನಾನೇ ಬರೆಯಬೇಕು.

ಈ ಕಾಯಿಲೆಯ ವಿಷಯದಲ್ಲಿ ಕಾಲ ಅಲಂಕಾರಕ್ಕಿರುವುದಲ್ಲ. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ (ಆತಂಕ, ಖಿನ್ನತೆಗೆ ಕೊಡುವಂಥದು) ಸರಿಯಾಗಿ ಹಿಡಿಯಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಮೊದಮೊದಲು ಹೊಟ್ಟೆ ತೊಳಸುವುದೂ ಇದೆ, ಕೆಲವರಿಗೆ ಚಡಪಡಿಕೆ ಜಾಸ್ತಿಯೇ ಆಗುತ್ತದೆ. ‘ಇದು ನನಗೆ ಆಗಿಬರಲ್ಲ’ ಎಂದು ಜನ ಕೈಬಿಡುವುದು ಆ ವಾರಗಳಲ್ಲೇ. ಅದಕ್ಕೇ ಏನೂ ನಡೆಯದ ಪುಟಗಳನ್ನು ಸೇರಿಸಿದೆ. ಒಂದೊಂದರಲ್ಲೂ ಒಂಬತ್ತು ಪ್ಯಾನೆಲ್ (ಚಿತ್ರದ ಚೌಕಟ್ಟು), ಎಲ್ಲದರಲ್ಲೂ ಅದೇ ಕಿಟಕಿ, ಅದೇ ಸ್ಟೀಲ್ ಲೋಟ, ಅದೇ ಮಾತ್ರೆಯ ಸ್ಟ್ರಿಪ್. ಬದಲಾಗುವುದು ಬಿಸಿಲಿನ ಓರೆ, ಮತ್ತೆ ಸ್ಟ್ರಿಪ್ಪಿನಲ್ಲಿ ಖಾಲಿಯಾದ ಗುಳಿಗಳು. ಹಸ್ತಪ್ರತಿ ನೋಡಿದ ಒಬ್ಬರು ‘ಇಲ್ಲಿ ಬೋರ್ ಹೊಡೆಯುತ್ತೆ’ ಎಂದರು. ಹೊಡೆಯಲಿ ಎಂದು ಬಿಟ್ಟೆ.

ಮಾತ್ರೆ ನಿಲ್ಲಿಸುವ ಭಾಗವೂ ಹೀಗೆಯೇ ಉದ್ದವಾಯಿತು. ನನಗಾಗಿ ಓದಿಕೊಟ್ಟ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರು ಆ ಪ್ಯಾನೆಲ್‌ಗಳ ಪಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. ಡೋಸ್ ಇಳಿಸುವುದು ಹಂತ ಹಂತವಾಗಿ, ಅದೂ ಡಾಕ್ಟರು ಹೇಳಿದ ಹಾಗೆ, ಎಂಬುದು ಚಿತ್ರದಲ್ಲೇ ಕಾಣಲಿ ಎಂದರು. ಈಗ ಅಲ್ಲಿ ಪ್ರತಿ ಮೂರನೇ ಪ್ಯಾನೆಲ್‌ಗೆ ಡಾಕ್ಟರ ಕೋಣೆಯ ಕುರ್ಚಿ ಬರುತ್ತದೆ.

ತಲೆ ಕೆಡಿಸಿದ ಇನ್ನೊಂದು, ಬಸ್ಸಿನ ಪ್ರಸಂಗ. ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಕಾರ್ಪೊರೇಷನ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಿದೆ. ಕಂಬಿ ಹಿಡಿದ ಕೈ ಬೆವರುತ್ತದೆ, ಕಿವಿ ಮುಚ್ಚಿದ ಹಾಗಾಗುತ್ತದೆ, ಆಮೇಲೆ ಎಲ್ಲ ಕಪ್ಪು. ಫೋನಿನಲ್ಲಿ ಒಂದು ಚಿತ್ರ ಸರಿಸಿದರೆ ತಾನೇ ಇನ್ನೊಂದು? ಮುಂದಿನದು ಅಡಗಿರುತ್ತದೆ. ಪುಸ್ತಕ ಬಿಚ್ಚಿದರೆ ಎರಡು ಪುಟ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ, ಕಣ್ಣು ಮೊದಲು ಓಡುವುದು ಅತಿ ಕಪ್ಪಾಗಿರುವ ಕಡೆಗೆ. ಬೆವರುವ ಕೈ ನೋಡುವ ಮುಂಚೆಯೇ ಅಟ್ಯಾಕ್ ಮುಗಿದುಹೋಗುತ್ತದೆ. ಅದಕ್ಕೆ ಕಂಬಿ, ಕೈ, ‘ಚಿಲ್ಲರೆ ಕೊಡಿ’ ಎನ್ನುವ ಕಂಡಕ್ಟರ್, ಇಷ್ಟನ್ನೂ ಬಲಪುಟಕ್ಕೆ ತಂದು, ಕಪ್ಪನ್ನು ಹಾಳೆ ಮಗುಚಿದ ಮೇಲಿನ ಎಡಪುಟಕ್ಕೆ ತಳ್ಳಿದೆ. ಬಲಪುಟ ಯಾವಾಗಲೂ ಬೆಸಸಂಖ್ಯೆಯದು. ಹಾಗಾಗಿ ಪ್ರಸಂಗ ಬೆಸಪುಟದಲ್ಲೇ ಶುರುವಾಗಬೇಕು. ಅದಕ್ಕಾಗಿ ಹಿಂದಿನ ಪ್ರಸಂಗವನ್ನು ಒಂದು ಪುಟ ಹಿಗ್ಗಿಸಬೇಕಾಯಿತು, ಅದು ಇನ್ನೊಂದನ್ನು ಅಲ್ಲಾಡಿಸಿತು. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅನುಭವಿಸದವರಿಗೆ ಇಳಿಯುವ ಈ ಭಾಗ ಗೊತ್ತಿರುವುದಿಲ್ಲ. ಕಪ್ಪಾದ ಮೇಲೆ ಎರಡು ಪುಟದುದ್ದಕ್ಕೂ ಪ್ಯಾನೆಲ್‌ಗಳನ್ನು ಅಗಲ ಮಾಡುತ್ತಾ, ಕಂಡಕ್ಟರ್ ಇನ್ನೂ ಚಿಲ್ಲರೆಗೆ ಕೈ ಚಾಚಿಯೇ ಇರುವ ಹಾಗೆ ಬರೆದೆ.

ಸಾಯುವ ಯೋಚನೆ ಬರುವ ಪ್ರಸಂಗದಲ್ಲಿ ಹೀಗೆ ಒಟ್ಟಿಗೇ ಕಾಣುವ ಎರಡು ಪುಟಗಳೇ ನನ್ನ ಕೈಹಿಡಿದವು. ಆತ್ಮಹತ್ಯೆ ವರದಿಗೆ ಸಂಬಂಧಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ಪತ್ರಿಕೆಗಳಿಗಾಗಿ ಇರುವುದಾದರೂ ನಾನೂ ಅದನ್ನೇ ಇಟ್ಟುಕೊಂಡೆ: ವಿಧಾನ ಬೇಡ, ಜಾಗ ಬೇಡ. ಫೋನಿನಲ್ಲಿ ಓದುವವರು ಅತಿ ಕೆಟ್ಟ ಚಿತ್ರದಲ್ಲೇ ನಿಲ್ಲಿಸಿ ಹೊರಟುಬಿಡಬಹುದು. ಇಲ್ಲಿ ಎಡಪುಟದಲ್ಲಿ ಆ ರಾತ್ರಿ, ಎದುರಿನ ಬಲಪುಟದಲ್ಲಿ ಗೆಳತಿ ಫೋನ್ ಎತ್ತಿ ‘ಹೇಳೋ, ಎದ್ದಿದೀನಿ’ ಎನ್ನುವುದು. ಒಂದನ್ನು ನೋಡಿದವರು ಇನ್ನೊಂದನ್ನು ನೋಡದೆ ಇರಲಾಗದು. ಮೊದಲ ಪುಟದ ಎಚ್ಚರಿಕೆಯ ಸಾಲನ್ನಂತೂ ನಾನು ನೆಚ್ಚಿಕೊಳ್ಳಲಿಲ್ಲ. ಅಂಗಡಿಯಲ್ಲಿ ಪುಸ್ತಕ ತೆರೆದುಕೊಳ್ಳುವುದು ಮಧ್ಯದಲ್ಲೇ.

ಅಕ್ಷರದ ಕಾಟ ಕನ್ನಡದಲ್ಲಿ ಕಾಮಿಕ್ಸ್ ಮಾಡುವವರಿಗೆಲ್ಲ ಗೊತ್ತು. ಇಂಗ್ಲಿಷ್ ಕಾಮಿಕ್ಸಿನ ಮಾತಿನ ಬಲೂನಿನಲ್ಲಿ ಎಲ್ಲ ದೊಡ್ಡಕ್ಷರ, ಮೇಲೂ ಕೆಳಗೂ ಏನೂ ಚಾಚುವುದಿಲ್ಲ. ನಮ್ಮಲ್ಲಿ ‘ಅಸ್ವಸ್ಥ’ ಎಂದು ಬರೆದರೆ ಒತ್ತಕ್ಷರಗಳು ಕೆಳಸಾಲಿನ ಗುಡಿಸಿಗೆ ತಗುಲುತ್ತವೆ. ಸಾಲಂತರ ಹೆಚ್ಚಿಸಿ ಬಲೂನು ಎತ್ತರಿಸಿದೆ, ಮಾತು ಕಡಿಮೆ ಮಾಡಿದೆ. ಸಂಭಾಷಣೆಗೆ ಯೂನಿಕೋಡ್ ಫಾಂಟ್, ಮನಸ್ಸಿನೊಳಗಿನ ಮಾತಿಗೆ ನನ್ನದೇ ಕೈಬರಹ. ಪಿಡಿಎಫ್ ಕಳಿಸುವ ಮುಂಚೆ ಫಾಂಟನ್ನೆಲ್ಲ ಔಟ್‌ಲೈನ್ ಮಾಡಿ (ಅಕ್ಷರವನ್ನು ಚಿತ್ರದ ಗೆರೆಯಾಗಿಸಿ), ಇಲ್ಲವಾದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರ ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಬಣ್ಣವನ್ನು ಎರಡಕ್ಕೆ ಇಳಿಸಿದೆ: ಕಪ್ಪು ಮತ್ತು ಒಂದು ಸ್ಪಾಟ್ ನೀಲಿ, ಅಂದರೆ ಬೇರೆ ಬಣ್ಣ ಬೆರೆಸದೆ ನೇರ ನೀಲಿ ಇಂಕಿನಲ್ಲೇ ಅಚ್ಚಾಗುವುದು. ಪರದೆಯ ಹೊಳೆಯುವ ನೀಲಿ ಅಚ್ಚಿನ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಹೇಗೂ ಮಂಕಾಗುತ್ತದೆ. ನಾಲ್ಕು ಬಣ್ಣ ಬಿಟ್ಟಿದ್ದರಿಂದ ಬಣ್ಣಕ್ಕೊಂದರಂತೆ ಬೇಕಾಗುವ ಪ್ಲೇಟಿನ ಖರ್ಚೂ ಅರ್ಧಕ್ಕಿಳಿಯಿತು. ಕಪ್ಪಿನ ಮೇಲಿನ ಸಣ್ಣ ಬಿಳಿ ಅಕ್ಷರವೂ ಒಂದೇ ಪ್ಲೇಟಿನಲ್ಲಿರುವುದರಿಂದ ರಿಜಿಸ್ಟ್ರೇಷನ್ (ಪ್ಲೇಟುಗಳ ಹೊಂದಿಕೆ) ಅಲುಗಿದರೂ ಅದರ ಅಂಚು ಕೆಡುವುದಿಲ್ಲ. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರ ಗುಣಕದಲ್ಲಿರಬೇಕು. ಬೋರ್ ಹೊಡೆಯುವ ಪುಟಗಳೆಲ್ಲ ಸೇರಿ 48ಕ್ಕೆ ಬಂದು ನಿಂತಾಗ, ಹದಿನಾರು ಪುಟದ ಮೂರು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಟ್ಟು) ಸರಿಯಾಗಿ ತುಂಬಿತು ಎಂದು ಪ್ರೆಸ್ಸಿನವರಿಗೆ ನನಗಿಂತ ಖುಷಿ.

ಟೆಲಿ ಮಾನಸ್ ನಂಬರ್ 14416 ಅನ್ನು ಮುಖಪುಟದ ಒಳಬದಿಗೆ ಹಾಕಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಕೊನೆಯ ಪುಟದಲ್ಲಿ ಹಾಕುವುದು ರೂಢಿ. ಆದರೆ ಕಥೆ ಪೂರ್ತಿ ಓದಲಾಗದವರಿಗೇ ಅದು ಹೆಚ್ಚು ಬೇಕಾಗುವುದು.

100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಕದ) ಮ್ಯಾಪ್‌ಲಿಥೋ ಕಾಗದದಲ್ಲಿ ಬಸ್ಸಿನ ಕಪ್ಪು ಹಿಂಬದಿಗೆ ತುಸು ಇಣುಕುತ್ತದೆ. ಎರಡನೇ ಮುದ್ರಣಕ್ಕೆ 120 ಕೇಳಿದ್ದೇನೆ. ಬೆಲೆ ಎಷ್ಟು ಏರುತ್ತದೆಂಬ ಕೊಟೇಶನ್ ಇನ್ನೂ ಬರಬೇಕು.