ಎಡಗಿವಿಯಲ್ಲಿ ಮದ್ದಳೆ ಸೊರಗಿದಾಗ

ಯಕ್ಷಗಾನ, ತಾಳಮದ್ದಳೆಯ ರೆಕಾರ್ಡಿಂಗ್ ಎಡಿಟ್ ಮಾಡುವವನಿಗೆ ಹೆಡ್‌ಫೋನಿನ ಎರಡೂ ಬದಿ ಸಮ ಇರಲೇಬೇಕು. ಭಾಗವತರ ಸ್ವರ ನಡುವಲ್ಲಿ ಕೇಳಬೇಕು. ಈ ಮಳೆಗಾಲದಲ್ಲಿ ನನ್ನ ಹೆಡ್‌ಫೋನಿನಲ್ಲಿ ಅದು ಬಲಕ್ಕೆ ವಾಲತೊಡಗಿತು. ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಕೇಳಿದೆ. "ಎಡದ ಸ್ಪೀಕರ್ ಹೋಗಿದೆ ಮಾರಾಯ್ರೆ, ಹೊಸದು ತಗೊಳ್ಳಿ" ಎಂದರು. ಅವರು ಅದನ್ನು ಕಿವಿಗೆ ಇಟ್ಟೂ ನೋಡಿರಲಿಲ್ಲ. ವಾಪಸ್ ತಂದು ನಾನೇ ಕೂತೆ.

ಮೊದಲು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೆ. ಆಗಲೂ ಎಡಗಿವಿಯಲ್ಲೇ ಕಡಿಮೆ ಕೇಳಿದ್ದರೆ ತೊಂದರೆ ಕಿವಿಯದ್ದು. ಗುಗ್ಗೆ ತುಂಬಿದರೂ ಹೀಗಾಗುತ್ತದೆ. ಆದರೆ ಸದ್ದು ಈಗ ಎಡಕ್ಕೆ ವಾಲಿತು. ನನ್ನ ಕಿವಿ ಪಾಸ್.

ಮತ್ತೆ ಫೋನಿನ ಸೆಟ್ಟಿಂಗ್ಸ್. ಆಕ್ಸೆಸಿಬಿಲಿಟಿಯ ಒಳಗೆ ಎಡ-ಬಲ ಬ್ಯಾಲೆನ್ಸ್ ಇರುತ್ತದೆ. ಬೆರಳು ತಾಗಿ ಅದು ಸರಿದರೆ ಯಾವ ಹೆಡ್‌ಫೋನ್ ಹಾಕಿದರೂ ಒಂದೇ ಕಡೆ ವಾಲುತ್ತದೆ. ನನ್ನದು ನಡುವಲ್ಲೇ ಇತ್ತು. ಅಲ್ಲೇ ಇರುವ ಮೋನೋ ಆಡಿಯೋ ಆನ್ ಮಾಡಿದೆ. ಆಗ ಎರಡೂ ಬದಿಗೆ ಒಂದೇ ಸದ್ದು ಹೋಗುತ್ತದೆ. ರೆಕಾರ್ಡಿಂಗೇ ಹಾಗಿರಬಹುದಾ ಎಂಬ ಸಂಶಯಕ್ಕೆ ಜಾಗ ಇರುವುದಿಲ್ಲ. ಎಡ ಆಗಲೂ ಸಪ್ಪೆಯೇ.

ನಮ್ಮ ಕಡಲ ಬದಿಯ ಗಾಳಿಗೆ ಪ್ಲಗ್ ಬೇಗ ಮಬ್ಬಾಗುತ್ತದೆ. 3.5 ಮಿ.ಮೀ. ಸ್ಟೀರಿಯೋ ಪ್ಲಗ್ಗಿನ ತುದಿ ಎಡದ್ದು, ಅದರ ನಂತರದ ಉಂಗುರ ಬಲದ್ದು, ಬುಡ ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು, ಸದ್ದು ಬದಲಾಗಲಿಲ್ಲ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ತುದಿ-ಬುಡ, ಉಂಗುರ-ಬುಡ ಅಳೆದೆ. ಎರಡೂ 32ರ ಆಸುಪಾಸು. ಅಳೆಯುತ್ತಲೇ ವಯರನ್ನು ಪ್ಲಗ್ಗಿನ ಹತ್ತಿರ, ಕಿವಿ ಮುಚ್ಚುವ ಕಪ್ಪಿನ ಹತ್ತಿರ ಬಗ್ಗಿಸಿ ನೋಡಿದೆ. ಅಂಕಿ ಅಲ್ಲಾಡಲಿಲ್ಲ. ಅಂದರೆ ವಯರೂ ಸರಿ, ಸ್ಪೀಕರಿನ ಒಳಗಿನ ತಂತಿಸುರುಳಿಯೂ (ಕಾಯಿಲ್) ತುಂಡಾಗಿಲ್ಲ.

ಇನ್ನು ಕೇಳುವುದೊಂದೇ ದಾರಿ. ಚೆಂಡೆ-ಮದ್ದಳೆ ಒಟ್ಟಿಗೆ ಇರುವ ಒಂದು ತುಣುಕನ್ನು ಮೋನೋದಲ್ಲೇ ಹಾಕಿದೆ. ಕಡಿಮೆ ಎಂದರೆ ಏನು ಕಡಿಮೆ ಎಂದು ಗಮನಿಸಬೇಕು, ಅಲ್ವಾ? ಚೆಂಡೆಯ ಚುರುಕು ಪೆಟ್ಟು ಎರಡೂ ಕಡೆ ಒಂದೇ ರೀತಿ ಬರುತ್ತಿತ್ತು. ಜಾಗಟೆಯೂ ಹಾಗೇ. ಎಡದಲ್ಲಿ ಸೊರಗಿದ್ದು ಮದ್ದಳೆಯ ಗುಂ ನಾದ ಮತ್ತು ಭಾಗವತರ ಸ್ವರದ ತುಂಬು. ಎಡದ ಕಪ್ಪನ್ನು ಅಂಗೈಯಲ್ಲಿ ಮೆಲ್ಲಗೆ ತಲೆಗೆ ಒತ್ತಿದೆ. ಮದ್ದಳೆ ಬಂತು! ಬಿಟ್ಟೆ, ಹೋಯಿತು.

ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೆಳಗಿನ ಸ್ವರಗಳು ತುಂಬಿ ಕೇಳಬೇಕಾದರೆ ಕುಶನ್ ಚರ್ಮಕ್ಕೆ ಸರಿಯಾಗಿ ಕೂತು ಗಾಳಿ ಒಳಗೇ ನಿಲ್ಲಬೇಕು. ಸಂದಿ ಬಿಟ್ಟರೆ ಬೇಸ್ ಸೋರಿಹೋಗುತ್ತದೆ, ಮೇಲಿನ ಸ್ವರಗಳಿಗೆ ಅಷ್ಟು ಏನೂ ಆಗುವುದಿಲ್ಲ. ನನ್ನ ಎಡದ ಕುಶನ್ ಹೊರಗಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿ ನೋಡಿದರೆ ಒಳಸುತ್ತಿನ ರೆಕ್ಸಿನ್ ಬಿರುಕು ಬಿಟ್ಟು, ಸ್ಪಂಜು ಬೆವರು, ತೇವಕ್ಕೆ ಕುಗ್ಗಿ ಒಂದು ಬದಿ ಚಪ್ಪಟೆಯಾಗಿತ್ತು. ಬಲದ್ದು ಇನ್ನೂ ಗಟ್ಟಿ ಇತ್ತು. ಒಂದೇ ಕಿವಿಗೆ ಒತ್ತಿ ಕೇಳುವ ಅಭ್ಯಾಸ ಇದ್ದವರಿಗೆ ಹೀಗೆ ಒಂದೇ ಬದಿ ಬೇಗ ಸವೆಯುತ್ತದೆ.

ಆದರೂ ಎರಡನ್ನೂ ಬದಲಾಯಿಸಿದೆ. ಒಂದು ಹೊಸತು, ಒಂದು ಹಳತು ಇದ್ದರೆ ದಪ್ಪ ಬೇರೆಯಾಗಿ ಸದ್ದು ಮತ್ತೆ ಬೇರೆಯಾಗುತ್ತದೆ. ಕುಶನ್ ತೆಗೆದ ಹೊತ್ತಿನಲ್ಲೇ ಡ್ರೈವರ್, ಅಂದರೆ ಒಳಗಿನ ಸ್ಪೀಕರಿನ ಮುಂದಿನ ತೆಳು ಬಟ್ಟೆಯ ಮೇಲಿದ್ದ ಧೂಳನ್ನು ಮೆತ್ತನೆಯ ಬ್ರಷ್‌ನಲ್ಲಿ ತೆಗೆದೆ. ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಹೊಸ ಕುಶನ್ ಹಾಕಿದ ಮೇಲೆ ಭಾಗವತರು ನಡುವಿಗೆ ಬಂದರು. ಕನ್ನಡಕ ಹಾಕಿದರೆ ಮಾತ್ರ ಅದರ ಕಾಲಿನ ಸಂದಿಯಿಂದ ಸ್ವಲ್ಪ ಬೇಸ್ ಸೋರುತ್ತದೆ, ಎರಡೂ ಕಡೆ ಸಮವಾಗಿ. ಹಾಗಾಗಿ ಕೊನೆಯ ಮಿಕ್ಸಿಂಗ್ ಕನ್ನಡಕ ತೆಗೆದೇ ಕೇಳುತ್ತೇನೆ.

ಅಂದ ಹಾಗೆ, ನಿಮ್ಮದರಲ್ಲಿ ಹಾಡುವವರ ಸ್ವರವೇ ಮಾಯವಾಗಿ ಹಿಮ್ಮೇಳ ಮಾತ್ರ ಪೊಳ್ಳಾಗಿ ಕೇಳುತ್ತಿದ್ದರೆ ಕುಶನ್ ಮುಟ್ಟಬೇಡಿ. ಅದು ಗ್ರೌಂಡ್ ವಯರ್ ತುಂಡಾದ ಲಕ್ಷಣ. ಎಡ-ಬಲ ಎರಡರಲ್ಲೂ ಸಮವಾಗಿರುವ ಸದ್ದು ಆಗ ರದ್ದಾಗುತ್ತದೆ, ವ್ಯತ್ಯಾಸ ಮಾತ್ರ ಉಳಿಯುತ್ತದೆ. ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲೇ ತುಂಡಾಗಿರುತ್ತದೆ. ಕತ್ತರಿಸಿ ಹೊಸ ಪ್ಲಗ್ ಸೋಲ್ಡರ್ ಮಾಡಬಹುದು. ವಯರಿನ ಒಳಗಿನ ಕೂದಲೆಳೆ ತಂತಿಗಳ ಮೇಲಿನ ಬಣ್ಣ ಬರೀ ಬಣ್ಣವಲ್ಲ, ಇನ್ಸುಲೇಶನ್. ಅದನ್ನು ಬಿಸಿ ಸೋಲ್ಡರಿನಲ್ಲಿ ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ.