ಕಚೇರಿಯ ಮೇಲ್, ತೆರಿಗೆಯ ಗಡುವು: ಥಂಡರ್‌ಬರ್ಡ್ ಬಳಸಿದ ನನ್ನ ಅನುಭವ

ಲೆಕ್ಕಪರಿಶೋಧಕರ ಸಣ್ಣ ಕಚೇರಿಯೊಂದರಲ್ಲಿ ನನ್ನ ಕೆಲಸ. ಕಂಪ್ಯೂಟರ್‌ಗಳ ಉಸ್ತುವಾರಿಯೂ ನನ್ನದೇ. ನಮ್ಮಲ್ಲಿ ಎಲ್ಲರೂ ಮೇಲ್ ನೋಡುವುದು ಥಂಡರ್‌ಬರ್ಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲೇ ಅಳವಡಿಸಿಕೊಳ್ಳುವ ಮೇಲ್ ಮತ್ತು ಕ್ಯಾಲೆಂಡರ್ ತಂತ್ರಾಂಶದಲ್ಲಿ. ಬ್ರೌಸರ್‌ನಲ್ಲಿ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಗ್ರಾಹಕರು ಕಳುಹಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್ ಇಂಟರ್ನೆಟ್ ಇಲ್ಲದಾಗಲೂ ಕೈಗೆ ಸಿಗಬೇಕು, ನಾಲ್ಕೈದು ಖಾತೆಗಳನ್ನು ಒಂದೇ ಕಿಟಕಿಯಲ್ಲಿ ನೋಡಬೇಕು ಎನ್ನುವವರಿಗೆ ಸಾಲುವುದಿಲ್ಲ.

ಯಾರಾದರೂ ‘ಮೇಲ್ ಕಾಣಿಸುತ್ತಿಲ್ಲ’ ಎಂದು ಬಂದರೆ ನಾನು ಮೊದಲು ನೋಡುವುದು ಒಂದನ್ನೇ: ಆ ಮೇಲ್‌ನ ಅಸಲು ಪ್ರತಿ ಎಲ್ಲಿದೆ, ಸರ್ವರ್‌ನಲ್ಲೋ ಈ ಯಂತ್ರದಲ್ಲೋ? ಮೇಲ್ ತರಿಸಿಕೊಳ್ಳಲು ಐಮ್ಯಾಪ್, ಪಾಪ್ ಎಂಬ ಎರಡು ವಿಧಾನಗಳಿವೆ. ಖಾತೆ ಐಮ್ಯಾಪ್ ಆಗಿದ್ದರೆ ಅಸಲು ಸರ್ವರ್‌ನಲ್ಲಿರುತ್ತದೆ, ಇಲ್ಲಿರುವುದು ನಕಲು. ಪಾಪ್ ಆಗಿದ್ದು, ಸರ್ವರ್‌ನಲ್ಲಿ ಪ್ರತಿ ಉಳಿಸುವ ಆಯ್ಕೆ ಇಲ್ಲದಿದ್ದರೆ ಈ ಯಂತ್ರದಲ್ಲಿರುವುದೇ ಅಸಲು, ಬೇರೆಲ್ಲೂ ಇನ್ನೊಂದು ಪ್ರತಿ ಇಲ್ಲ. ಇದು ಗೊತ್ತಾಗದೆ ನಾನು ಯಾವ ಗುಂಡಿಯನ್ನೂ ಒತ್ತುವುದಿಲ್ಲ.

ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಎಲ್ಲ ಮೇಲ್‌ಗಳನ್ನೂ ಒಂದೇ ದೊಡ್ಡ ಕಡತದಲ್ಲಿ ಇಡುತ್ತದೆ. ಇದರ ಹೆಸರು ಎಂಬಾಕ್ಸ್. ಅದರ ಪಕ್ಕದಲ್ಲೇ ಎಂಎಸ್ಎಫ್ ಎಂಬ ಪುಟ್ಟ ಕಡತ ಇರುತ್ತದೆ. ಪುಸ್ತಕದ ಕೊನೆಯ ಪದಸೂಚಿಯಂತೆ ಅದು ಯಾವ ಮೇಲ್ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಕರೆಂಟ್ ಹೋಗಿ ಯಂತ್ರ ಥಟ್ಟನೆ ಆರಿದಾಗ ಹೆಚ್ಚಾಗಿ ಕೆಡುವುದು ಈ ಸೂಚಿ. ಆಗ ಪಟ್ಟಿಯಲ್ಲಿ ಒಂದು ವಿಷಯ, ತೆರೆದರೆ ಇನ್ನೊಂದೇ ಪತ್ರ! ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ‘ರಿಪೇರ್ ಫೋಲ್ಡರ್’ ಒತ್ತಿದರೆ ಸೂಚಿ ಹೊಸದಾಗಿ ಸಿದ್ಧವಾಗುತ್ತದೆ. ಪಾಪ್ ಖಾತೆಯಾದರೆ ಅದಕ್ಕೂ ಮೊದಲು ಥಂಡರ್‌ಬರ್ಡ್ ಮುಚ್ಚಿ, ಮೇಲ್, ಸೆಟ್ಟಿಂಗ್ಸ್ ಎಲ್ಲ ಇರುವ ಇಡೀ ಪ್ರೊಫೈಲ್ ಫೋಲ್ಡರ್ ಅನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳುತ್ತೇನೆ. ಆ ಫೋಲ್ಡರ್ ಎಲ್ಲಿದೆ ಎಂಬುದು ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಲ್ಲಿ ಸಿಗುತ್ತದೆ. ಹುಡುಕಾಟ ಮಾತ್ರ ಕೆಟ್ಟಿದ್ದರೆ ಮದ್ದು ಬೇರೆ: ಥಂಡರ್‌ಬರ್ಡ್ ಮುಚ್ಚಿ, ಪ್ರೊಫೈಲ್‌ನಲ್ಲಿರುವ ‘ಗ್ಲೋಬಲ್-ಮೆಸೇಜಸ್-ಡಿಬಿ’ ಎಂಬ ಎಸ್‌ಕ್ಯೂಲೈಟ್ ಕಡತವನ್ನು (ಹುಡುಕಾಟದ ಸೂಚಿ ಇರುವುದು ಇದರಲ್ಲಿ) ತೆಗೆದುಹಾಕಿ ಮತ್ತೆ ತೆರೆಯಬೇಕು. ಮೇಲ್‌ಗಳಿಗೆ ಏನೂ ಆಗುವುದಿಲ್ಲ. ಪೆಟ್ಟಿಗೆ ದೊಡ್ಡದಿದ್ದರೆ ಸೂಚಿ ಮತ್ತೆ ತುಂಬಿಕೊಳ್ಳಲು ಸಮಯ ಹಿಡಿಯುತ್ತದೆ, ಕಾಯಬೇಕು.

ಎಲ್ಲವೂ ಒಂದೇ ಕಡತದಲ್ಲಿರುವುದರಿಂದ ಇನ್ನೊಂದು ಅಪಾಯವಿದೆ. ಒಂದು ಕೆಟ್ಟ ಲಗತ್ತು ಕಂಡ ಕೂಡಲೇ ಆ್ಯಂಟಿವೈರಸ್ ಇಡೀ ಇನ್‌ಬಾಕ್ಸ್ ಕಡತವನ್ನೇ ಎತ್ತಿ ಬದಿಗಿಡಬಹುದು. ಸೆಟ್ಟಿಂಗ್ಸ್‌ನ ಖಾಸಗಿತನ ಮತ್ತು ಭದ್ರತೆ ವಿಭಾಗದಲ್ಲಿ, ಬರುವ ಪತ್ರಗಳನ್ನು ಒಂದೊಂದಾಗಿ ಪ್ರತ್ಯೇಕಿಸಲು ಆ್ಯಂಟಿವೈರಸ್‌ಗೆ ಅವಕಾಶ ಕೊಡುವ ಆಯ್ಕೆಯಿದೆ. ಅದನ್ನು ನಾನು ಎಲ್ಲ ಯಂತ್ರಗಳಲ್ಲೂ ಆನ್ ಮಾಡಿಟ್ಟಿದ್ದೇನೆ. ಜೊತೆಗೆ ಇನ್‌ಬಾಕ್ಸ್ ಅನ್ನು ಹಗುರವಾಗಿಡುತ್ತೇವೆ. ನಮ್ಮ ಲೆಕ್ಕವೆಲ್ಲ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಆದ್ದರಿಂದ ‘2023-24’, ‘2024-25’ ಎಂದು ಆರ್ಥಿಕ ವರ್ಷದ ಹೆಸರಿನ ಫೋಲ್ಡರ್‌ಗಳು. ಅಳಿಸಿದ ಮೇಲ್ ಕಣ್ಣಿಗೆ ಕಾಣದಿದ್ದರೂ ‘ಕಾಂಪ್ಯಾಕ್ಟ್’ ಮಾಡುವವರೆಗೆ, ಅಂದರೆ ಕಡತವನ್ನು ಒತ್ತಿ ಚಿಕ್ಕದಾಗಿಸುವವರೆಗೆ, ಕಡತದಿಂದ ಹೋಗಿರುವುದಿಲ್ಲ. ಡಿಸ್ಕ್ ತುಂಬಿತೆಂದು ದೂರುವ ಯಂತ್ರಗಳಲ್ಲಿ ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ.

ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುತ್ತಿದ್ದರೆ ದೃಢೀಕರಣದ ವಿಧಾನವನ್ನು ನೋಡಿ. ಬರೀ ಪಾಸ್‌ವರ್ಡ್‌ನಿಂದ ಒಳಬರುವ ಹಳೆಯ ದಾರಿಯನ್ನು ಗೂಗಲ್ 2022ರ ಮೇ ತಿಂಗಳಲ್ಲಿ ಮುಚ್ಚಿತು. ಜಿಮೇಲ್ ಖಾತೆಗೆ ‘ಓಆತ್2’, ಅಂದರೆ ಗೂಗಲ್‌ನದೇ ಲಾಗಿನ್ ಪುಟದ ಮೂಲಕ ಒಳಬರುವ ವಿಧಾನ, ಆರಿಸಿ. ಒಳಬರುವ ಸರ್ವರ್‌ಗೆ ಬದಲಿಸಿ ಹೊರಹೋಗುವ ಸರ್ವರ್ ಬಿಟ್ಟರೆ ಮೇಲ್ ಬರುತ್ತದೆ, ಹೋಗುವುದಿಲ್ಲ. ಆ ಲಾಗಿನ್ ನಡೆಯಲು ಥಂಡರ್‌ಬರ್ಡ್‌ನಲ್ಲಿ ಕುಕೀಗಳಿಗೆ ಅನುಮತಿಯೂ ಇರಬೇಕು.

ಇನ್ನು ಕ್ಯಾಲೆಂಡರ್. ನಮ್ಮ ಕಚೇರಿ ನಿಂತಿರುವುದೇ ಅದರ ಮೇಲೆ. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿತವಾದ ತೆರಿಗೆ) ಪಾವತಿ, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರಗಳ ಜಿಎಸ್‌ಟಿ ರಿಟರ್ನ್), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್). ತ್ರೈಮಾಸಿಕವಾಗಿ ಸಲ್ಲಿಸುವ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ 3ಬಿ ಗಡುವು 22. ಮುಂಗಡ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15. ಇವೆಲ್ಲವನ್ನೂ ಮರುಕಳಿಸುವ ನಮೂದುಗಳಾಗಿ ಹಾಕಿದ್ದೇನೆ. ಮಾರ್ಚ್‌ನಲ್ಲಿ ಕಡಿತವಾದ ಟಿಡಿಎಸ್‌ಗೆ ಮಾತ್ರ ಏಪ್ರಿಲ್ 30ರವರೆಗೆ ಅವಕಾಶವಿದೆ. ಆಗ ಏಪ್ರಿಲ್ 7ರ ನಮೂದನ್ನು ತೆರೆದು, ‘ಈ ಒಂದನ್ನು ಮಾತ್ರ’ ಎಂಬ ಅರ್ಥದ ಆಯ್ಕೆಯಿಂದ ಅದನ್ನಷ್ಟೇ 30ಕ್ಕೆ ಸರಿಸುತ್ತೇನೆ. ಸರ್ಕಾರ ಗಡುವು ವಿಸ್ತರಿಸಿದಾಗಲೂ ಹೀಗೆಯೇ. ಇಡೀ ಸರಣಿಯನ್ನು ಬದಲಿಸಿದರೆ ಮುಂದಿನ ತಿಂಗಳುಗಳೆಲ್ಲ ತಪ್ಪುತ್ತವೆ.

ಥಂಡರ್‌ಬರ್ಡ್ ತೆರೆದಿಲ್ಲದಿದ್ದರೆ ಅದರ ಜ್ಞಾಪನೆಯೂ ಬರುವುದಿಲ್ಲ. ಶನಿವಾರ ಮಧ್ಯಾಹ್ನ ಯಂತ್ರ ಮುಚ್ಚಿದವರಿಗೆ ಭಾನುವಾರದ ಗಡುವನ್ನು ಹೇಳುವವರು ಯಾರು? ಅದಕ್ಕೇ ಗಡುವುಗಳ ಕ್ಯಾಲೆಂಡರ್ ಅನ್ನು ಯಂತ್ರದೊಳಗೆ ಇಡದೆ ಕ್ಯಾಲ್‌ಡ್ಯಾವ್ (ಕ್ಯಾಲೆಂಡರ್ ಹಂಚಿಕೊಳ್ಳುವ ವಿಧಾನ) ಮೂಲಕ ಸರ್ವರ್‌ನಲ್ಲಿಟ್ಟು, ಎಲ್ಲರ ಮೊಬೈಲ್‌ಗೂ ಜೋಡಿಸಿದ್ದೇನೆ.

ಅಮೆರಿಕದಲ್ಲಿ ನೆಲೆಸಿ ಬೆಂಗಳೂರಿನ ಮನೆಯ ಬಾಡಿಗೆ ಪಡೆಯುವ ಗ್ರಾಹಕರೊಂದಿಗೆ ಮಾತುಕತೆ ನಿಗದಿಪಡಿಸುವಾಗ ಕಾಲವಲಯದ ಕಡೆ ಗಮನವಿರಲಿ. ನ್ಯೂಯಾರ್ಕ್‌ನ ಬೆಳಿಗ್ಗೆ 8.30 ಎಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 6, ಚಳಿಗಾಲದಲ್ಲಿ 7. ಅವರ ಗಡಿಯಾರ ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ಸಮಯ ಅವರ ಅನುಕೂಲದ್ದಾದರೆ ಆ ನಮೂದಿನ ಕಾಲವಲಯವನ್ನು ನ್ಯೂಯಾರ್ಕ್‌ಗೆ ಹೊಂದಿಸುತ್ತೇನೆ, ಆಗ ನಮ್ಮ ಸಮಯ ತಾನಾಗಿ ಸರಿಯುತ್ತದೆ. ಥಂಡರ್‌ಬರ್ಡ್‌ನ ಒಟ್ಟಾರೆ ಕಾಲವಲಯ ಮಾತ್ರ ಏಷ್ಯಾ/ಕೋಲ್ಕತಾ ಆಗಿಯೇ ಇರಬೇಕು.