ನಾಟಿಗೆ ಆಳು ಸಿಗದಿದ್ದಾಗ: ಸರ್ಕಾರದ ನೆರವು ಪಡೆಯುವುದು ಹೇಗೆ?

ಕೆಆರ್‌ಎಸ್ ನಾಲೆಗೆ ನೀರು ಬಿಟ್ಟರೆ ಮಂಡ್ಯದ ಗದ್ದೆಬಯಲಿನಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಭತ್ತದ ನಾಟಿಗೆ ಆಳು ಬೇಕಾಗುತ್ತದೆ. 2020ರ ಮುಂಗಾರಿನಲ್ಲಿ ಕೊರೊನಾ ಸೋಂಕಿನ ಭಯದಿಂದ ನಾಟಿ ಹೆಂಗಸರ ಗುಂಪುಗಳು ಊರು ದಾಟುವುದು ಕಷ್ಟವಾಗಿತ್ತು. ಇನ್ನೊಂದೆಡೆ, ಮುಂಬೈನಿಂದ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಮರಳಿದವರು ಕೆಲಸ ಹುಡುಕುತ್ತಿದ್ದರು. ಕೃಷಿ ಕೆಲಸವನ್ನೂ ಯಂತ್ರಗಳ ಬಾಡಿಗೆ ಕೇಂದ್ರಗಳನ್ನೂ ಕೇಂದ್ರ ಸರ್ಕಾರ ಆ ವರ್ಷದ ಮಾರ್ಚ್ 27ರಂದೇ ಲಾಕ್‌ಡೌನ್ ನಿರ್ಬಂಧದಿಂದ ಹೊರಗಿಟ್ಟಿತು. ಮೇ ತಿಂಗಳಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಾದ ನರೇಗಾಕ್ಕೆ ಹೆಚ್ಚುವರಿಯಾಗಿ 40,000 ಕೋಟಿ ರೂಪಾಯಿ ಘೋಷಿಸಿತು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ನಿಮ್ಮ ಗದ್ದೆಯ ನಾಟಿ, ಕಳೆ, ಕೊಯ್ಲಿಗೆ ನರೇಗಾದಿಂದ ಕೂಲಿ ಕೊಡಲು ಅವಕಾಶವಿಲ್ಲ. ಆದರೆ ಬದು ಹಾಕುವುದು, ಕೃಷಿ ಹೊಂಡ ತೆಗೆಯುವುದು, ಹಿಪ್ಪುನೇರಳೆ ತೋಟ ಮಾಡುವುದು ಇವೆಲ್ಲಕ್ಕೆ ಅವಕಾಶವಿದೆ. ಪರಿಶಿಷ್ಟ ಜಾತಿ, ಪಂಗಡ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು ಹಾಗೂ 5 ಎಕರೆವರೆಗಿನ ಸಣ್ಣ, ಅತಿಸಣ್ಣ ರೈತರು ಉದ್ಯೋಗ ಚೀಟಿ ಮಾಡಿಸಿ, ತಾವೂ ಆ ಕೆಲಸದಲ್ಲಿ ದುಡಿಯುವುದಾದರೆ, ಸ್ವಂತ ಜಮೀನಿನಲ್ಲಿಯೇ ಇವನ್ನು ಮಾಡಿಸಿಕೊಳ್ಳಬಹುದು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳೊಂದಿಗೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಾಣಿರಿ. ಕೆಲಸ ಕೇಳುವವರು ನಮೂನೆ 6 ತುಂಬಿ, ದಿನಾಂಕವಿರುವ ರಸೀದಿಯನ್ನು ತಪ್ಪದೆ ಪಡೆಯಬೇಕು, ಏಕೆಂದರೆ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ರಸೀದಿಯೇ ಆಧಾರ. 2020ರ ಏಪ್ರಿಲ್ 1ರಿಂದ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಮರಳಿ ಬಂದವರಿಗೆ ಚೀಟಿ ಇಲ್ಲದಿದ್ದರೆ ಅವರೂ ಪಂಚಾಯಿತಿಯಲ್ಲಿ ಹೊಸದಾಗಿ ಅರ್ಜಿ ಕೊಡಬಹುದು. ಪಂಚಾಯಿತಿಯ ಕೆಲಸವೂ ನಾಟಿಯೂ ಒಂದೇ ವಾರ ಬಿದ್ದರೆ ಊರಿನ ಆಳುಗಳು ಹಂಚಿಹೋಗುತ್ತಾರೆ. ಆದ್ದರಿಂದ ಬದುವಿನ ಕೆಲಸವನ್ನು ನಾಟಿಗೆ ಮುಂಚೆಯೇ ಮುಗಿಸಿಕೊಡುವಂತೆ ರೈತರೆಲ್ಲ ಸೇರಿ ಕೇಳುವುದು ಒಳ್ಳೆಯದು.

ನಾಟಿಯ ಕೊರತೆಯನ್ನು ನೀಗಿಸುವುದು ಮುಖ್ಯವಾಗಿ ಯಂತ್ರ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಯೋಜನೆಯ ಬಗ್ಗೆ ವಿಚಾರಿಸಿದರೆ, ನಾಟಿ ಯಂತ್ರ ಯಾವ ಕೇಂದ್ರದಲ್ಲಿದೆ, ಬಾಡಿಗೆ ಎಷ್ಟು ಎಂಬುದು ತಿಳಿಯುತ್ತದೆ. ಆದರೆ ಕೈನಾಟಿಗೆಂದು ಬಿಟ್ಟ ಒಟ್ಲಿನ (ಸಸಿಮಡಿಯ) ಪೈರು ಯಂತ್ರಕ್ಕೆ ಒಗ್ಗುವುದಿಲ್ಲ. ಟ್ರೇ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಮಣ್ಣು ಹರಡಿ ಬೆಳೆಸಿದ, ಚಾಪೆಯಂತೆ ಸುತ್ತಿ ಎತ್ತಬಹುದಾದ, 15ರಿಂದ 18 ದಿನದ ಸಸಿಯೇ ಬೇಕು. ಹೀಗಾಗಿ ಯಂತ್ರ ಬರುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತಬೇಕು. ಕೆಸರು ಮಾಡಿದ ಗದ್ದೆ ಒಂದು ದಿನವಾದರೂ ತಂಗಿರಬೇಕು, ಇಲ್ಲದಿದ್ದರೆ ಯಂತ್ರ ಹೂತು ಪೈರು ಓರೆಯಾಗುತ್ತದೆ. ಸಸಿ ಬೆಳೆಸುವ ಕ್ರಮವನ್ನು ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು.

ಯಂತ್ರ ಇಳಿಯದ ಸಣ್ಣ ಗದ್ದೆಗಳಿಗೆ ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ಸರದಿಯಂತೆ ದುಡಿದುಕೊಡುವ ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯೇ ಈಗಲೂ ದಾರಿ. ಒಂದೇ ಬೀದಿಯ ನಾಲ್ಕೈದು ಮನೆಯವರು ಸೇರಿ ಸರದಿ ಬರೆದಿಟ್ಟುಕೊಳ್ಳಲಿ. ಹೊರಗಿನ ಗುಂಪು ಬರಬೇಕಾದ ಅಗತ್ಯವೂ ಇರದು. ಸೋಂಕಿನ ಭಯವಿರುವಾಗ ಒಬ್ಬೊಬ್ಬರ ನಡುವೆ ಎರಡು ಮಾರು ಅಂತರವಿರಲಿ, ನೀರಿನ ಚೊಂಬು ಬೇರೆಬೇರೆ ಇರಲಿ. ಜ್ವರ, ಕೆಮ್ಮು ಬಂದವರು ಮನೆಯಲ್ಲಿರಲಿ. ಅವರು ಉಳಿಸಿಕೊಂಡ ಮುಯ್ಯನ್ನು ಕಳೆ ತೆಗೆಯುವಾಗ ತೀರಿಸಿದರೆ ಸಾಕು, ಅವರ ಗದ್ದೆಯ ಸರದಿಯನ್ನು ಮಾತ್ರ ತಪ್ಪಿಸಬಾರದು.